ಖಮರ್, ನನ್ನ ಮನೆ

ಎಸ್ಸಿಯಾ ಗಾಜಿನ ಹಿಂಬದಿಗೆ ಚಿತ್ರ ಬರೆಯುವವಳು. ನೋಡುವುದು ಮುಂಬದಿಯಿಂದ, ಆದ್ದರಿಂದ ಕೆಲಸವೆಲ್ಲ ತಲೆಕೆಳಗು. ಮೊದಲು ಅಕ್ಷರ, ಅದೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ. ಆಮೇಲೆ ಕಣ್ಣು, ಮೂಗು, ಉಡುಗೆ. ಎಲ್ಲದರ ಮೇಲೆ ಕೊನೆಗೆ ಹಿನ್ನೆಲೆಯ ಬಣ್ಣ. ಬಿಝೆರ್ತ್‌ನ ಹಳೇ ಬಂದರಿನ ಓಣಿಯಲ್ಲಿ ಅವಳು ಮೂವತ್ತೊಂದು ವರ್ಷ ಇದನ್ನೇ ಮಾಡಿದಳು. ಅದೇ ಮನೆಯ ಮುಂದಿನ ಕೋಣೆಯಲ್ಲಿ ಖಮರ್ ಮದುವೆಯ ಬಟ್ಟೆ ಹೊಲಿಯುತ್ತಾಳೆ. ಮನೆಯಲ್ಲಿರುವುದು ಒಂದೇ ಮಂಚ. ಓಣಿಯವರು ಅವರನ್ನು ಅಕ್ಕತಂಗಿಯರೆಂದು ಕರೆಯುತ್ತಾರೆ. ಇಬ್ಬರ ಊರು ಬೇರೆ, ತಂದೆತಾಯಿ ಬೇರೆ. ಆ ಸುಳ್ಳು ಓಣಿಯವರ ಅನುಕೂಲಕ್ಕೆ.

ನಾನು ಎದುರುಮನೆಯವಳು, ಇತಿಹಾಸ ಕಲಿಸಿ ನಿವೃತ್ತಳಾದವಳು. ಏನನ್ನು ನೋಡಿ ಬರೆಯುತ್ತೀಯೆಂದು ಒಮ್ಮೆ ಎಸ್ಸಿಯಾಳನ್ನು ಕೇಳಿದ್ದೆ.

"ಬಲೆ ಒಣಗೋದು, ಅಂಜೂರ ಬಿರಿಯೋದು, ಮಳೆಗೆ ಮುಂಚೆ ಕಾಲುವೆ ನೀರು ಸೀಸದ ಬಣ್ಣ ಆಗೋದು. ಮಿಕ್ಕಿದ್ದೆಲ್ಲ ಇವಳು."

"ಅಂಜೂರ ಆದ್ಮೇಲೆ ನನ್ನ ಸರದಿ. ಕೇಳಿಸ್ಕೊಂಡ್ರಾ ಟೀಚರಮ್ಮ?" ಎಂದಳು ಖಮರ್, ಹೊಲಿಗೆ ನಿಲ್ಲಿಸದೆ.

"ಅಂಜೂರ ಬಾಯಿ ಮಾಡಲ್ಲ ನೋಡು."

ಅರವತ್ತಾರನೆಯ ವಯಸ್ಸಿನಲ್ಲಿ ಎಸ್ಸಿಯಾಳಿಗೆ ಮೊದಲ ಪ್ರದರ್ಶನದ ಕರೆ ಬಂತು. ಬಂದರಿನ ಬಳಿ ಹೊಸದಾಗಿ ಕಲಾಭವನ ತೆರೆದಿದ್ದ ಮೊಂಧೆರ್ ನಲವತ್ತು ಚಿತ್ರ ಆರಿಸಿದ. ನಲವತ್ತನೆಯದರಲ್ಲಿ ಖಮರ್ ಮನೆಯ ಉಡುಪಿನಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದಾಳೆ. ಮೇಲೆ ಬರೆದಿರುವುದು: "ಖಮರ್, ನನ್ನ ಮನೆ."

ನಮ್ಮಲ್ಲಿ ಗಂಡಸರು ಹೆಂಡತಿಯ ಹೆಸರು ಹೇಳುವುದಿಲ್ಲ. "ಮನೆಗೆ ಹುಷಾರಿಲ್ಲ" ಎಂದರೆ ಹೆಂಡತಿಗೆ ಜ್ವರವೆಂದು ಅರ್ಥ. ಮೊಂಧೆರ್‌ಗೂ ಅದು ಅರ್ಥವಾಯಿತು. ಹಿರಿಯ ಹೆಂಗಸರನ್ನು ನಮ್ಮಲ್ಲಿ ಗೌರವದಿಂದ ಕರೆಯುವಂತೆ 'ಲೆಲ್ಲಾ' ಎಂದೇ ಮಾತು ತೆಗೆದ.

"ಲೆಲ್ಲಾ ಎಸ್ಸಿಯಾ, ಇದು ಗಂಡಸರು ಆಡೋ ಮಾತು. 'ನನ್ನ ಅಕ್ಕ' ಅಂತ ಮಾಡಿಬಿಡಿ."

"ಅಕ್ಕ ಅಲ್ಲ ಅವಳು."

"ನಂಗೆ ಗೊತ್ತು. ಎಲ್ಲರಿಗೂ ಗೊತ್ತು. ಬರೀಬೇಡಿ ಅಂತ ಅಷ್ಟೇ ಹೇಳ್ತಿರೋದು. ಪೊಲೀಸರು ಬಂದ್ರೆ ಏನ್ಮಾಡ್ತೀರಿ?"

ಆ ಭಯವನ್ನು ನಾನು ಅಲ್ಲಗಳೆಯುವುದಿಲ್ಲ. ಕಾನೂನು ಅವರ ಕಡೆಗಿಲ್ಲ. ಆದರೆ ಅವನು ಬೇಡವೆಂದು ಚಿತ್ರವನ್ನು ವಾಪಸು ಕಳಿಸಬಹುದಿತ್ತು. ಹಾಗೆ ಮಾಡಲಿಲ್ಲ, ಎಲ್ಲಕ್ಕಿಂತ ಚೆನ್ನಾದ ಚಿತ್ರ ಅದೆಂದು ಅವನಿಗೆ ತಿಳಿದಿತ್ತು. ಯಾರಿಗೂ ಹೇಳದೆ ಚೌಕಟ್ಟು ಬಿಚ್ಚಿ, ಅಕ್ಷರ ಇದ್ದ ಜಾಗಕ್ಕೆ ಹಿಂಬದಿಯಿಂದ ದಪ್ಪಗೆ ಬಿಳಿ ಬಣ್ಣ ಬಳಿದು, ಒಣಗಲೆಂದು ಹಿಂಬದಿ ತೆರೆದೇ ಬಿಟ್ಟು, ಮುಂಬದಿಯನ್ನು ನೋಡದೆ ಉದ್ಘಾಟನೆಯ ಪರದೆ ಹೊದಿಸಿ ಗೋಡೆಗೆ ತೂಗುಹಾಕಿದ. ಕಲಾಭವನದ ಯಜಮಾನನಿಗೆ ಗಾಜಿನ ಕೆಲಸದ ಮೊದಲ ಪಾಠವೇ ಗೊತ್ತಿರಲಿಲ್ಲ. ಮೊದಲು ಬರೆದದ್ದನ್ನು ಆಮೇಲೆ ಬಳಿದದ್ದು ಮುಚ್ಚುವುದಿಲ್ಲ.

ಪ್ರದರ್ಶನದ ದಿನ ಪರದೆ ಸರಿದಾಗ ಊರಿನ ದೊಡ್ಡವರೆಲ್ಲ ಬಾದಾಮಿ ಶರಬತ್ತು ಹಿಡಿದು ಆ ಚಿತ್ರದ ಮುಂದೆ ನಿಂತರು. ಒಬ್ಬ ಮೇಲಿದ್ದ ಅಕ್ಷರವನ್ನು ಗಟ್ಟಿಯಾಗಿ ಓದಿದ. ಮೊಂಧೆರ್ ಓಡಿ ಬಂದು ಚಿತ್ರ ಇಳಿಸಿ ಹಿಂದೆ ತಿರುಗಿಸಿದಾಗ ಬಿಳಿ ತೇಪೆ ಎಲ್ಲರಿಗೂ ಕಂಡಿತು. ಎಸ್ಸಿಯಾಳಿಗೂ.

"ನೀನು ಬಳಿದ್ಯಾ?"

"ನಿಮ್ಮ ಒಳ್ಳೇದಕ್ಕೇ, ಲೆಲ್ಲಾ. ಇದೊಂದು ಒಳಗಿರಲಿ. ಮಿಕ್ಕ ಮೂವತ್ತೊಂಬತ್ತು ಇದಾವಲ್ಲ, ಹೂವು, ಹಕ್ಕಿ, ಮದುಮಗಳು."

"ಆ ಮದುಮಗಳ ಮೂಗು ಯಾರದ್ದು, ನೋಡು. ಕುದುರೆ ಮೇಲೆ ಕೂತಿದಾನಲ್ಲ ವೀರ, ಅವನದ್ದು?"

ಜನ ಒಮ್ಮೆಲೇ ಖಮರ್ ಕಡೆ ತಿರುಗಿದರು. ಅವಳ ಮೂಗು ಸಣ್ಣದಲ್ಲ.

"ವೀರನ ಮೀಸೆ ಮಾತ್ರ ಅವನದ್ದೇ," ಎಂದಳು ಖಮರ್.

ಯಾರೂ ನಗಲಿಲ್ಲ. ಎಸ್ಸಿಯಾ ಮದುಮಗಳನ್ನು ಮೊಳೆಯಿಂದ ಬಿಡಿಸಿ ನನ್ನ ಕೈಗೆ ಕೊಟ್ಟಳು. ಆಮೇಲೆ ವೀರ, ಆಮೇಲೆ ಬಲೆಗಳು. ಮೊಂಧೆರ್ ಬೇಡಿಕೊಂಡ: ರಾಜಧಾನಿಯಿಂದ ಜನ ಬರುತ್ತಿದ್ದಾರೆ, ಇಂಥ ಅವಕಾಶ ಇನ್ನೊಮ್ಮೆ ಸಿಗುವುದಿಲ್ಲ. ಅದು ನಿಜ. ಇದಾಗಿ ನಾಲ್ಕು ವರ್ಷವಾಯಿತು, ಸಿಕ್ಕಿಲ್ಲ.

ನಲವತ್ತು ಗಾಜುಗಳನ್ನು ಮೂವರು ಮುದುಕಿಯರು ಹೊರಗೆ ಬೀದಿಯಲ್ಲಿ ನಿಂತಿದ್ದ ಮೀನಿನ ಗಾಡಿಯವರೆಗೆ ಹೊತ್ತೆವು. ಆ ಸಭಾಂಗಣದಲ್ಲಿದ್ದ ಅರ್ಧದಷ್ಟು ಜನ ನನ್ನ ತರಗತಿಯಲ್ಲಿ ಕೂತವರು. ಹಲವರ ಹೆಂಡಂದಿರ ಮದುವೆಯ ಬಟ್ಟೆ ಹೊಲಿದದ್ದು ಖಮರ್. ಶರಬತ್ತಿನ ಲೋಟ ಕೆಳಗಿಟ್ಟು ಒಂದೇ ಒಂದು ಚೌಕಟ್ಟು ಎತ್ತಿಕೊಳ್ಳಲು ಒಬ್ಬನೂ ಬರಲಿಲ್ಲ. ಅವರ ಹೆಸರು ಒಂದೊಂದೂ ನನಗೆ ನೆನಪಿದೆ.