ಸರಪಳಿ ಆಟದ ಅಕ್ಕೋರು

ಇಳಕಲ್ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ಕೊರಳಲ್ಲಿ ಸೀಟಿ, ಅದನ್ನು ಊದಿದ್ದು ನಾನಂತೂ ಕೇಳಿಲ್ಲ. ಅವರು ಚಪ್ಪಾಳೆ ತಟ್ಟಿದರೆ ಸಾಕು, ಮುಂಬಯಿಯ ಘಾಟ್ಕೋಪರ್‌ನ ನನ್ನ ಮಗಳ ಶಾಲೆಯ ಅಂಗೈಯಗಲದ ಅಂಗಳದಲ್ಲಿ ಒಂದನೇ ಕ್ಲಾಸಿನ ಮಕ್ಕಳೆಲ್ಲ ಸುತ್ತ ನೆರೆಯುತ್ತಿದ್ದವು. ಧಾರವಾಡದ ಕಡೆಯವರು. ಕನ್ನಡದ ನಾವೆಲ್ಲ ಅವರನ್ನು ಪಿ.ಟಿ. ಅಕ್ಕೋರು ಅಂತಲೇ ಕರೆಯುತ್ತಿದ್ದೆವು.

ಮಗಳು ಬೆಳಗಾವಿಯಲ್ಲಿ ಅಜ್ಜಿಯ ಹತ್ತಿರ ಬೆಳೆದವಳು. ಇಲ್ಲಿಗೆ ಕರೆತಂದ ಮೇಲೆ ಶಾಲೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಸುತ್ತ ಬರೀ ಹಿಂದಿ, ಮರಾಠಿ. ಓಡಿದರೆ ಎಲ್ಲರಿಗಿಂತ ಹಿಂದೆ, ಮಕ್ಕಳು ನಗುತ್ತಿದ್ದವು. ಮನೆಗೆ ಬಂದು ಒಂದೇ ಹಟ: "ಅಜ್ಜಿ ಕಡೆ ಕಳಸು." ಕಳಿಸಿಯೇ ಬಿಡೋಣ ಅಂದರು ನಮ್ಮ ಮನೆಯವರು. ಹಡೆದ ಮಗಳನ್ನು ಮತ್ತೆ ದೂರ ಮಾಡಿ ನಾನು ಹೇಗಿರಲಿ? ಅಕ್ಕೋರ ಮುಂದೆ ಅತ್ತೇಬಿಟ್ಟೆ.

"ಏ ತಂಗಿ, ಕಣ್ಣೀರು ಒರಸ್ಕೋ. ನಾಳೆ ಆಟದ ಹೊತ್ತಿಗೆ ಬಂದು ನೋಡು," ಅಂದರು.

ಅವರ ಆಟದಲ್ಲಿ ಯಾರೂ ಔಟ್ ಆಗುತ್ತಿರಲಿಲ್ಲ. "ನಿಧಾನ ಓಡೋ ಕೂಸು ಔಟಾಗಿ ಕುಂತ್ರ, ಅದು ಓಡೋದು ಕಲಿಯೋದು ಯಾವಾಗ?" ಅನ್ನುವರು. ಸಿಕ್ಕವರು ಹಿಡಿದವರ ಕೈ ಹಿಡಿದು, ಸರಪಳಿಯಾಗಿ ಉಳಿದವರನ್ನು ಅಟ್ಟಬೇಕು. ಕೈ ಬಿಟ್ಟರೆ ಆಟ ನಿಂತಿತು. ಮೊದಲು ಸಿಕ್ಕವರೇ ಮುಂದಾಳು. ಅವರು ಹೇಳಿದ ಕಡೆಗೇ ಸರಪಳಿ ಓಡಬೇಕು.

ನಾನು ನೋಡಹೋದ ದಿನ ಮೊದಲು ಸಿಕ್ಕವಳು ನನ್ನ ಮಗಳೇ, ಇನ್ನಾರು! ನೆಲ ನೋಡುತ್ತ ನಿಂತುಬಿಟ್ಟಳು. "ಜಲ್ದಿ ಬೋಲ್ ನಾ!" ಅಂತ ಮಕ್ಕಳು ಚೀರಿದವು. "ನೀವಾದ್ರೂ ಹೇಳ್ರಿ ಅಕ್ಕೋರ," ಅಂದೆ.

ಅವರು ನನ್ನ ಕೈ ಅದುಮಿದರು. "ಸುಮ್ನಿರು. ಆಕಿನ ಹೇಳ್ತಾಳ."

ಕೊನೆಗೆ ಗೇಟಿನ ಕಡೆ ಬೆರಳು ಮಾಡಿ ಮಗಳು ಕೂಗಿದಳು: "ಅಲ್ಲಿ! ಬರ್ರಿ!" ಅಪ್ಪಟ ಬೆಳಗಾವಿ ಮಾತು. ಸರಪಳಿ ಅತ್ತಲೇ ಓಡಿತು, ಕೈ ತಪ್ಪದಂತೆ ಅವಳ ಕಾಲಿಗೆ ಕಾಲು ಕೂಡಿಸಿ. ಮರುದಿನ ಅವಳೇ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅಜ್ಜಿಯ ಊರಿಗೆ ಮತ್ತೆ ಹೋದದ್ದು ರಜೆಗಷ್ಟೇ.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಕೊನೆಗೊನೆಗೆ ಕಾಲು ಸೋತಿದ್ದವು. ಕಾಲೇಜಿಗೆ ಹೋಗುವ ನನ್ನ ಮಗಳು ಸಂಜೆ ಅವರನ್ನು ಅವರಿದ್ದ ಚಾಳಿನ ಮಹಡಿಯ ಗ್ಯಾಲರಿಯಲ್ಲಿ ಕೈಹಿಡಿದು ನಡೆಸುತ್ತಿದ್ದಳು.

"ನನ್ನ ಸಲುವಾಗಿ ನಿನಗ ತಡ ಆಗತೈತಿ, ಹೋಗವ್ವಾ," ಅಂದರು ಒಂದು ದಿನ.

"ಕೈ ಬಿಡಂಗಿಲ್ರಿ ಅಕ್ಕೋರ. ಈಗ ನೀವು ಮುಂದಾಳು. ಯಾ ಕಡೆ ಹೋಗೂಣು, ಹೇಳ್ರಿ."

ಕೆಳಗೆ ಅಂಗಳದಲ್ಲಿ ಮಕ್ಕಳು ಆಡುತ್ತಿದ್ದವು. ಅಕ್ಕೋರು ನಕ್ಕು ಆ ಸದ್ದಿನ ಕಡೆ ಬೆರಳು ಮಾಡಿದರು. ನನ್ನ ಮಗಳು ಅವರ ಕಾಲಿಗೆ ತಕ್ಕಂತೆ, ನಿಧಾನವಾಗಿ, ಅತ್ತ ಕರೆದೊಯ್ದಳು.