ಮೇಜಿನಲ್ಲಿ ಯಾರೂ ಕೂರದ ತುದಿ

ಈಗಲೂ ಮಿಕ್ಸರ್ ತಿರುಗಿದ ಸದ್ದಿಗೆ ನನ್ನ ಬೆರಳುಗಳು ಮುಷ್ಟಿಯೊಳಗೆ ಮಡಚಿಕೊಳ್ಳುತ್ತವೆ. ನನಗೆ ಏನೂ ಆಗಿರಲಿಲ್ಲ. ಬಡಗಿಗೂ ಆಗಲಿಲ್ಲ. ಆದರೆ ಗರಗಸ ಜಿಗಿದದ್ದು ನನ್ನ ಕಣ್ಣೆದುರೇ.

ಅಕ್ಕಲಕೋಟೆಯ ನನ್ನ ತವರಿನ ಸಾಗವಾನಿ ಊಟದ ಮೇಜು ಅದು. ಅಜ್ಜ ಹತ್ತಿ ವ್ಯಾಪಾರದ ಕಾಲದಲ್ಲಿ ಕೊಂಡದ್ದು. ಸುತ್ತ ಏಳು ಜನ ಕುಳಿತು ಉಣ್ಣುತ್ತಿದ್ದೆವು. ಅಜ್ಜಿ ತೀರಿಕೊಂಡು ಮನೆ ಬೇರೆಯವರ ಪಾಲಾದಾಗ, ಮೇಜಾದರೂ ಇರಲಿ ಎಂದು ಹಟ ಹಿಡಿದು ಸೋಲಾಪುರದ ಫ್ಲ್ಯಾಟಿಗೆ ತಂದೆ. ಹಾಲ್‌ನಲ್ಲಿ ಇಟ್ಟರೆ ಬಾಲ್ಕನಿಯ ಬಾಗಿಲೇ ತೆರೆಯಲಿಲ್ಲ. ಎರಡು ಅಡಿ ಕತ್ತರಿಸಿ, ಮಗಳ ಲ್ಯಾಪ್‌ಟಾಪ್ ವೈರಿಗೊಂದು ತೂತು ಕೊರೆಸೋಣವೆಂದು ಕುಂಭಾರಿಯ ಬಡಗಿಯನ್ನು ಕರೆಸಿದೆ.

ಅವರಿಗೆ ಒಂದು ವಿಷಯ ಮಾತ್ರ ಹೇಳಲಿಲ್ಲ. ಮನೆಯಲ್ಲಿ ಯಾರಾದರೂ ಜ್ವರದಿಂದ ಊಟ ಬಿಟ್ಟರೆ ಅಜ್ಜಿ ದೃಷ್ಟಿಯಾಗಿದೆ ಎನ್ನುತ್ತಿದ್ದಳು. ಕುದುರೆ ಲಾಳದ ಒಂದು ಮೊಳೆ ತಂದು, ಅವರು ಕೂರುವ ಜಾಗದಲ್ಲಿ ಮೇಜಿನ ತಳಕ್ಕೆ ಹೊಡೆದು, ಕಾಣದಂತೆ ಮೇಣ ತಿಕ್ಕುತ್ತಿದ್ದಳು. ಹೇಳಿದರೆ ಬಡಗಿ ಎಲ್ಲವನ್ನೂ ಕಿತ್ತುಹಾಕುತ್ತಾರೆಂಬ ಹೆದರಿಕೆ ನನಗೆ. ಅವಳ ಕೈಯ ಕೆಲಸವೆಂದು ಉಳಿದದ್ದು ಅಷ್ಟೇ. ಏಳೂ ಜನರ ಮೊಳೆಯ ಜಾಗ ನನಗೆ ನೆನಪಿತ್ತು. ಅಡುಗೆಮನೆ ಬಾಗಿಲ ಕಡೆಯ ತುದಿಯಲ್ಲಿ ಯಾರೂ ಕೂರುತ್ತಿರಲಿಲ್ಲ. ಅಲ್ಲೇ ಪೆನ್ಸಿಲಿನಿಂದ ಗೆರೆ ಎಳೆದುಕೊಟ್ಟೆ.

ಮಷಿನ್ ಗರಗಸ ಅರ್ಧ ಗೆರೆ ದಾಟಿತ್ತು. ಕಿಡಿ ಹಾರಿತು. ಗರಗಸ ಹಿಂದಕ್ಕೆ ಒದ್ದು, ಅವರ ಎಡಗೈಯ ಪಕ್ಕದಲ್ಲೇ ಹಾದು ಶರ್ಟಿನ ತೋಳು ಸೀಳಿತು. ಒಂದು ಬೆರಳಿನಷ್ಟು ಅಂತರ. ಸ್ವಿಚ್ ಆರಿಸಿ ಅವರು ನೆಲದ ಮೇಲೆ ಕುಳಿತುಬಿಟ್ಟರು.

“ಅಕ್ಕಾರ, ಕೆಳಗ ಮೊಳಿ ಅದಾವಂತ ಗೊತ್ತಿತ್ತೇನ್ರಿ?”

“ಗೊತ್ತಿತ್ರಿ. ಆದ್ರ ಅಲ್ಲಿ ಇರಲಿಲ್ಲ. ಅಲ್ಲಿ ಯಾರೂ ಕೂಡ್ತಿದ್ದಿಲ್ಲ.”

“ಈ ಕೈ ಹೋಗಿದ್ರೂ ನನ್ನಾಕಿ ಇನ್ನೊಂದ್ ಕೈಲೆ ಭಾಂಡಿ ತಿಕ್ಕಸ್ತಿದ್ಲು ಬಿಡ್ರಿ,” ಎಂದು ನಗಲು ನೋಡಿದರು.

ಯಾರ ಜ್ವರಕ್ಕೆ ಯಾವ ಮೊಳೆ ಎಂದು ಅಜ್ಜಿಯ ಕತೆ ಹೇಳುತ್ತ, ಇಬ್ಬರೂ ಸೇರಿ ಮೇಜು ಮಗುಚಿದೆವು. ತಲೆ ಸೀಳಿದ ಮೊಳೆ ತೋರಿಸಿ ಕೇಳಿದರು: “ಮತ್ತ ಇದು ಯಾರ್ದ್ರಿ?”

ಆ ತುದಿಗೆ ರೊಟ್ಟಿಬುಟ್ಟಿ ಆನಿಸಿ ಅಜ್ಜಿ ನಿಲ್ಲುತ್ತಿದ್ದಳು. ನಮಗೆ ಬಡಿಸಿ, ಕೊನೆಗೆ ಅಲ್ಲೇ ನಿಂತು ಎರಡು ತುತ್ತು ತಿನ್ನುತ್ತಿದ್ದಳು. ಅವಳಿಗೂ ಜ್ವರ ಬಂದಿರಬೇಕು. ಅವಳ ಪಾಲಿನ ಮೊಳೆಯನ್ನು ಅವಳೇ ಹೊಡೆದುಕೊಂಡಿದ್ದಳು. ನಾನು ಎಣಿಸುವಾಗ ಅವಳನ್ನು ಬಿಟ್ಟಿದ್ದೆ.

“ಎಲ್ಲಾ ಕೀಳ್ರಿ,” ಎಂದೆ.

ಎಂಟು ಮೊಳೆಗಳನ್ನು ನನ್ನ ಅಂಗೈಗೆ ಹಾಕಿ, ಉಳಿದ ಗೆರೆಯನ್ನು ಅವರು ಕೈಗರಗಸದಿಂದಲೇ ಕೊಯ್ದರು. ಕತ್ತರಿಸಿದ ತುದಿಯ ಎರಡು ಕಾಲು ಬಿಚ್ಚಿ ಮೇಜಿಗೆ ಮತ್ತೆ ಜೋಡಿಸಿದ ಮೇಲೆ, ಆ ತುಂಡನ್ನು ಬಾಲ್ಕನಿಯ ಗೋಡೆಗೆ ಒರಗಿಸಿದೆವು. ಮಧ್ಯಾಹ್ನ ಅದೇ ಮೇಜಿನ ಮೇಲೆ ಅವರಿಗೆ ರೊಟ್ಟಿ, ಶೇಂಗಾ ಚಟ್ನಿಪುಡಿ ಬಡಿಸಿದೆ. ಹೊಸದಾಗಿ ಕೊಯ್ದ ಅಂಚಿನ ಬಳಿ ರೊಟ್ಟಿ ಹಿಡಿದು ನಿಂತೇ ಇದ್ದೆ.

“ನೀವೂ ಕೂಡ್ರಿ ಅಕ್ಕಾರ. ಒಬ್ಬಾವ ಹ್ಯಾಂಗ ಉಣ್ಲಿ?”

ಕುಳಿತೆ. ಆದರೆ ಗರಗಸದ ಸದ್ದು ಕಿವಿಯಲ್ಲೇ ಇತ್ತು; ರೊಟ್ಟಿ ಮುರಿಯಹೋದ ಬೆರಳುಗಳು ಮುಷ್ಟಿಯೊಳಗೆ ಮಡಚಿಕೊಂಡವು.