ಸಡಿಲ ಬಿಡಲು ಹೋರಾಡಿದ ನೀಲತ್ತೆ

ಬಿಗಿಯುವುದರಲ್ಲಿ ನನ್ನ ನೀಲತ್ತೆಯನ್ನು ಮೀರಿಸುವವರು ಹತ್ತಿಮತ್ತೂರಿನಲ್ಲಿ ಯಾರೂ ಇರಲಿಲ್ಲ. ಹಿಟ್ಟಿನ ಡಬ್ಬಿಯ ಮುಚ್ಚಳವನ್ನು ಅವಳು ಬಿಗಿದರೆ ತೆಗೆಯಲು ಗಂಡಸರೇ ಬರಬೇಕಿತ್ತು. ತಲೆನೋವು ಬಂದ ದಿನ ಹಳೆಯ ಸೀರೆಯ ಪಟ್ಟಿಯನ್ನು ಅದೇ ಕೈಯಿಂದ ಹಣೆಗೆ ಬಿಗಿಯುತ್ತಿದ್ದಳು. ವಾರದ ಹೆಚ್ಚಿನ ದಿನಗಳಲ್ಲಿ ಆ ಪಟ್ಟಿ ಹಣೆಯ ಮೇಲೇ ಇರುತ್ತಿತ್ತು. ವಿಭೂತಿ ಹಚ್ಚಿಕೊಳ್ಳುವುದು ಅದರ ಮೇಲೋ ಕೆಳಗೋ ಎಂದು ಕೇಳಿ ನಾನು ಬೈಸಿಕೊಂಡಿದ್ದೇನೆ.

ನೀಲತ್ತೆ ಅಪ್ಪನ ತಂಗಿ. ಗಂಡ ತೀರಿದ ಮೇಲೆ ಮನೆಯ ಪಡಸಾಲೆಯಲ್ಲೇ ಖಡಕ್ ರೊಟ್ಟಿ ಮಾಡಿಸಿ ಸವಣೂರಿನ ಖಾನಾವಳಿಗಳಿಗೆ ಕಳಿಸುತ್ತಿದ್ದಳು. ಓಣಿಯ ಹೆಂಗಸರು ಬಡಿಯುತ್ತಿದ್ದರು, ಅತ್ತೆ ನೋಡುತ್ತಿದ್ದಳು. ಅಂಚು ದಪ್ಪವಾದ ರೊಟ್ಟಿ ಹೊರಗೆ ಹೋಗುವಂತಿರಲಿಲ್ಲ. ಲಿಂಗಪೂಜೆಗೆ ಕೂತಾಗಲೂ ಕಣ್ಣು ಅಂಗೈಯ ಮೇಲೆ, ಬಾಯಿ ಒಲೆಯ ಕಡೆ: "ಶಿವಶಿವಾ... ಏ ಶಾಂತಾ, ಹಂಚು ಕಾದೈತಿ ನೋಡ... ಶಿವಶಿವಾ."

ತಲೆನೋವು ಹೆಚ್ಚಿದಂತೆ ಬೈಗುಳವೂ ಹೆಚ್ಚಿತು. ಒಂದಿಬ್ಬರು ಕೆಲಸ ಬಿಟ್ಟರು. ರೊಟ್ಟಿ ಬಡಿಯುವ ಸದ್ದು ತಲೆಯೊಳಗೇ ಬಡಿದಂತಾಗುತ್ತದೆ ಎನ್ನತೊಡಗಿದಳು. "ಹಿಂಗ ಆದ್ರ ಒಲಿ ಆರಿಸೂದ ನೋಡಪಾ," ಎಂದು ಒಂದು ದಿನ ಮೆಲ್ಲಗೆ ಹೇಳಿದಾಗ ನನಗೆ ಹೆದರಿಕೆಯಾಯಿತು. ಅತ್ತೆ ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆ ಒಲೆಯೇ ಅವಳ ಮಾನ, ಅವಳ ಹುಮ್ಮಸ್ಸು ಎಲ್ಲ.

ನಾನಾಗ ಶಿಗ್ಗಾಂವಿಯಲ್ಲಿ ಕೆಲಸಕ್ಕಿದ್ದೆ. ಅಲ್ಲಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ತಲೆಯೊಳಗೆ ದೋಷವೇನೂ ಇಲ್ಲ, ದಿನಾ ಗುಳಿಗೆ ನುಂಗುವುದೂ ಒಳ್ಳೆಯದಲ್ಲ, ಮೈ ಸಡಿಲ ಬಿಡುವುದನ್ನು ಕಲಿಯಬೇಕು ಎಂದರು ಡಾಕ್ಟರು. ಆ ಆಸ್ಪತ್ರೆಯಲ್ಲೇ ಅದನ್ನು ಕಲಿಸುವವಳು ಹಂಸಭಾವಿಯ ಹುಡುಗಿ ಸುಮಾ. ವಾರಕ್ಕೊಮ್ಮೆ ತಲೆನೋವಿನವರನ್ನೆಲ್ಲ ಜಮಖಾನೆಯ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ಉಸಿರು ನಿಧಾನ ಮಾಡಿಸಿ, ಕಾಲಿನ ಹೆಬ್ಬೆರಳಿನಿಂದ ಹಣೆಯವರೆಗೆ ಒಂದೊಂದೇ ಅಂಗವನ್ನು ಸಡಿಲ ಬಿಡಿಸುತ್ತಿದ್ದಳು.

ಅತ್ತೆಯ ಪಕ್ಕದಲ್ಲಿ ಸವಣೂರಿನ ಬೀಬಿಜಾನ್. ಹೇಳಿದ್ದನ್ನು ನಂಬುವ, ಬಂದದ್ದನ್ನು ಬಂದಂತೆ ತೆಗೆದುಕೊಳ್ಳುವ ಜೀವ. ಸುಮಾ ಕಾಲು ಸಡಿಲ ಬಿಡಿ ಎನ್ನುವಷ್ಟರಲ್ಲಿ ಬೀಬಿಜಾನ್ ಗೊರಕೆ ಹೊಡೆಯುತ್ತಿದ್ದಳು. ತಿಂಗಳೊಪ್ಪತ್ತಿನಲ್ಲಿ ಅವಳ ತಲೆನೋವು ಅರ್ಧಕ್ಕಿಳಿಯಿತು. ಅತ್ತೆ ಮಾತ್ರ ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಸಡಿಲವಾಗಲು ಹೋರಾಡುತ್ತಿದ್ದಳು.

"ಅವ್ವಾರ, ಹಣಿ ಸಡ್ಲ ಬಿಡ್ರಿ," ಎಂದಳು ಸುಮಾ.

"ಬಿಡಾಕತ್ತೇನವಾ! ಇದಕ್ಕಿಂತ ಜೋರ ಹೆಂಗ ಬಿಡ್ಲಿ?"

ಆಮೇಲೆ ಒಂದು ಕಣ್ಣು ತೆರೆದು, "ಆ ಮೂಲ್ಯಾಗಿನಾಕಿ ಕಾಲ ಅಳ್ಳಾಡಸಾಕತ್ತಾಳ ನೋಡ. ಈ ಬೀಬಿಜಾನಗೂ ಹೇಳವಾ, ಉಸಿರು ಭಾಳ ಸಪ್ಪಳ ಮಾಡತೈತಿ."

ಮನೆಯಲ್ಲೂ ಅದೇ ಕಥೆ. ದಿನಕ್ಕೊಮ್ಮೆ ಮಾಡಿ ಎಂದಿದ್ದರೆ ಇವಳು ಬೆಳಗಾಗುವಷ್ಟರಲ್ಲಿ ಎರಡು ಸಲ ಮುಗಿಸಿ, ಬೀಬಿಜಾನಳಿಗೆ ಫೋನು ಮಾಡಿ "ನಿಂದು ಇನ್ನೂ ಆಗಿಲ್ಲೇನ?" ಎಂದು ಕೇಳುತ್ತಿದ್ದಳು. ತಲೆನೋವು ಇದ್ದಲ್ಲೇ ಇತ್ತು.

"ನನಗ ಇದು ಹತ್ತಂಗಿಲ್ಲ, ಬಿಡ್ತೇನಿ," ಎಂದಳು ಕೊನೆಗೆ. ಸುಮಾ ನಕ್ಕಳು.

"ಬೀಬಿಜಾನ್ ಅವ್ರ ಸ್ವಭಾವ ಬ್ಯಾರೆ ಐತ್ರಿ. ಬಿಡ್ರಿ ಅಂದ್ರ ಬಿಡ್ತಾರ. ನಿಮಗ ಕೆಲಸ ಕೊಟ್ಟರ ಸಮಾಧಾನ. ಇವತ್ತ ನೀವ ಹೇಳ್ರಿ, ಉಳಿದವ್ರು ಮಾಡ್ಲಿ. ಆದ್ರ ನಿಮ್ಮ ದನಿಗೆ ಯಾರೂ ಬೆಚ್ಚಬಾರದು, ಅಷ್ಟು ಮೆತ್ತಗ ಹೇಳಬೇಕು ನೋಡ್ರಿ."

ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಹೋಗಿ ಕೂತಳು. "ಉಸಿರು ತೊಗೋರಿ!" ಎಂದದ್ದು ಹೊರಗೆ ಚೀಟಿಗೆ ನಿಂತವರಿಗೂ ಕೇಳಿಸಿ, ಬೀಬಿಜಾನ್ ಬೆಚ್ಚಿಬಿದ್ದಳು. ಸುಮಾ ತುಟಿಯ ಮೇಲೆ ಬೆರಳಿಟ್ಟಳು. ಅತ್ತೆ ಇನ್ನೊಮ್ಮೆ ಹೇಳಿದಳು, ಮತ್ತೊಮ್ಮೆ ಹೇಳಿದಳು. ಕೆಲಸ ಚೊಕ್ಕವಾಗಲೇಬೇಕೆಂಬ ಅವಳ ಹಟವೇ ದನಿಯನ್ನು ಇಳಿಸುತ್ತಾ ಹೋಯಿತು. ದನಿ ಮೆತ್ತಗಾಗಬೇಕಾದರೆ ಉಸಿರು ನಿಧಾನವಾಗಬೇಕು, ದವಡೆ ಸಡಿಲವಾಗಬೇಕು. ಬಾಗಿಲಲ್ಲಿ ನಿಂತಿದ್ದ ನನಗೆ ಅವಳ ಹೆಗಲು ಕೆಳಗಿಳಿದದ್ದು ಕಾಣಿಸಿತು.

ಅಂದಿನಿಂದ ರೊಟ್ಟಿಗೆ ಕೂರುವ ಮೊದಲು ಪಡಸಾಲೆಯಲ್ಲಿ ಹೆಂಗಸರನ್ನೆಲ್ಲ ಕೂರಿಸಿ ಅದನ್ನೇ ಮಾಡಿಸತೊಡಗಿದಳು. ತಲೆನೋವು ಪೂರ್ತಿ ಹೋಗಲಿಲ್ಲ, ದೂರದ ನೆಂಟರಂತೆ ಅಪರೂಪಕ್ಕೆ ಬಂದು ಹೋಗುತ್ತಿತ್ತು. ಕೆಲಸ ಬಿಟ್ಟವರು ತಿರುಗಿ ಬಂದರು. ಒಲೆ ಉಳಿಯಿತು. ಅಂಚು ದಪ್ಪವಾದರೆ ಬೀಳುವ ಬೈಗುಳವೂ ಉಳಿಯಿತು ಎನ್ನಿ.

ಹೋದ ಶ್ರಾವಣದಲ್ಲಿ ಅತ್ತೆ ಎದೆನೋವು ಬಂದು ತೀರಿಕೊಂಡಳು. ಅವಳಿಲ್ಲದ ಪಡಸಾಲೆಗೆ ಕಾಲಿಡಲು ನನಗಿನ್ನೂ ಧೈರ್ಯ ಬಂದಿಲ್ಲ. ಅವಳು ತೀರುವ ಕೆಲವು ತಿಂಗಳ ಮುಂಚೆ ಯಲವಿಗಿ ಸ್ಟೇಷನ್ನಿನಲ್ಲಿ ಅವಳನ್ನು ಕಂಡದ್ದೇ ಕೊನೆ. ನನಗೆ ದಾವಣಗೆರೆಗೆ ವರ್ಗವಾಗಿತ್ತು. ರೈಲು ಹತ್ತಿಸಲು ರೊಟ್ಟಿಯ ಶಾಂತಾಳನ್ನು ಕರೆದುಕೊಂಡು ಬಂದಿದ್ದಳು. ರೈಲು ತಡ. ನನ್ನ ಮೋರೆ ನೋಡಿ, "ಹುಬ್ಬು ಗಂಟ ಹಾಕೀಯಲ್ಲೋ, ಕಣ್ಣ ಮುಚ್ಚ," ಎಂದು ಬೆಂಚಿನ ಮೇಲೇ ಶುರು ಮಾಡಿದಳು. ಹೆಬ್ಬೆರಳು, ಮೊಣಕಾಲು, ಹೊಟ್ಟೆ... ಹೆಗಲಿಗೆ ಬಂದ ದನಿ ಅಲ್ಲೇ ನಿಂತಿತು. ಕಣ್ಣು ಬಿಟ್ಟು ನೋಡಿದರೆ ಅತ್ತೆ ಬಾಯಿ ತೆರೆದುಕೊಂಡು ನಿದ್ದೆಹೋಗಿದ್ದಳು. ಊರೆಲ್ಲ ಮಲಗಿದರೂ ಎಚ್ಚರವಿರುತ್ತಿದ್ದ ಹೆಂಗಸು! ರೈಲು ಬಂದು ಕೂಗಿದರೂ ಅಲುಗಲಿಲ್ಲ. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಶಾಂತಾಳಿಗೆ ಸನ್ನೆ ಮಾಡಿ ಹತ್ತಿಬಿಟ್ಟೆ.

ಹಾವೇರಿ ದಾಟುವಷ್ಟರಲ್ಲಿ ಫೋನು ಬಂತು. "ಹೇಳದ ಹೋದಿ ಏನೋ? ಎಬ್ಬಸಬಾರದಾ?"

"ನಿದ್ದಿ ಹತ್ತಿತ್ತಲ್ಲ ಅತ್ತಿ."

ಶಾಲೆಯಲ್ಲಿ ಬಹುಮಾನ ಬಂದ ಹುಡುಗಿಯ ದನಿಯಲ್ಲಿ ಅತ್ತೆ ಕೇಳಿದಳು:

"ಯಾರಿಗೋ? ನನಗ?"